ಕೈಹಿಡಿತದ ಅಕ್ಕ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಆದ ಹಳೆಯ ಗಾಯ. ಆ ಸೀಳಿನೊಳಗೆ ಯಾವಾಗಲೂ ಜೋಳದ ಹಿಟ್ಟು ಬಿಳಿ ಗೆರೆಯಾಗಿ ಕುಳಿತಿರುತ್ತಿತ್ತು. ಅಕ್ಕನ ಮುಖ ನೋಡುವುದಕ್ಕಿಂತ ಎಷ್ಟೋ ಮೊದಲೇ ನನಗೆ ಆ ಬೆರಳಿನ ಗುರುತು ಸಿಕ್ಕಿತ್ತು. ಆಕೆ ತನ್ನ ಬ್ಲಾಗಿನಲ್ಲಿ ಹಾಕುತ್ತಿದ್ದ ಫೋಟೋಗಳಲ್ಲಿ ಕಾಣುತ್ತಿದ್ದುದು ಕೈ ಮಾತ್ರ. ರೊಟ್ಟಿ ತಟ್ಟುವ ಕೈ, ಹಳೆಯ ಅಂಗಿಯ ಕಾಲರು ಬಿಚ್ಚಿ ತಿರುವಿ ಹೊಲಿಯುವ ಕೈ, ಹೋದ ವರ್ಷದ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು ದಬ್ಬಣದಿಂದ ಹೊಲಿದು ಹೊಸ ಪುಸ್ತಕ ಮಾಡುವ ಕೈ.

ನನ್ನ ಯಜಮಾನರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ವರ್ಷ ಅದು. ಅವರು ಲಾರಿ ಓಡಿಸುತ್ತಿದ್ದರು. ಆ ದುಡಿಮೆ ನಿಂತ ಮೇಲೆ ಮೂಡಲಗಿಯ ಒಂದು ಕಾಲೇಜಿನ ಕಚೇರಿಯಲ್ಲಿ ನನಗೆ ಬರುತ್ತಿದ್ದ ಪಗಾರವೊಂದೇ ಮನೆಗೆ ಆಧಾರ. ಔಷಧಿ ತಂದು ಉಳಿದದ್ದರಲ್ಲಿ ತಿಂಗಳು ತೂಗಿಸುವುದು ಹೇಗೆ ಎಂದು ತಿಳಿಯದೆ ಒಂದು ಮಧ್ಯಾಹ್ನ ಕಚೇರಿಯಲ್ಲಿ ಕುಳಿತು ಮೊಬೈಲಿನಲ್ಲಿ ಹುಡುಕಿದೆ. ಮನೆಖರ್ಚಿನ ಬಗ್ಗೆ ಹೆಂಗಸರೇ ಸೇರಿ ಬರೆದುಕೊಳ್ಳುವ ಒಂದು ಗುಂಪು ಸಿಕ್ಕಿತು. ಬೆಳಗಾವಿ, ಧಾರವಾಡ, ವಿಜಯಪುರ ಎಲ್ಲ ಕಡೆಯವರೂ ಅದರಲ್ಲಿದ್ದರು. ಕೆಲವರು ತಮ್ಮದೇ ಬ್ಲಾಗು ಮಾಡಿಕೊಂಡು ವಾರಕ್ಕೊಮ್ಮೆ ಬರೆಯುತ್ತಿದ್ದರು. ಹೆಚ್ಚಿನವರದು ವಿಮೆ, ಠೇವಣಿ, ಷೇರು ಎಂಬ ಮಾತು. ಕೈಯಲ್ಲಿ ನಾಲ್ಕು ಕಾಸು ಮಿಕ್ಕವರಿಗೆ ಅದು ಬೇಕಾದೀತು. ನನಗೆ ಬೇಕಾಗಿದ್ದುದು ಅಕ್ಕನ ಬ್ಲಾಗು. ಅದರ ಹೆಸರು ‘ಕೈಹಿಡಿತ’.

ಅಕ್ಕ ಆಡಿದ ಹಾಗೆಯೇ ಬರೆಯುತ್ತಿದ್ದಳು. ತೊಗರಿ ಬೇಳೆಯನ್ನು ಮುಂಜಾನೆಯೇ ನೆನೆಹಾಕಿದರೆ ಗ್ಯಾಸು ಎಷ್ಟು ಉಳಿಯುತ್ತದೆ, ಘಟಪ್ರಭಾದ ಸಂತೆಗೆ ಯಾವ ಹೊತ್ತಿಗೆ ಹೋದರೆ ಕಾಯಿಪಲ್ಯೆ ಅಗ್ಗ ಆಗಿರುತ್ತದೆ, ಮಿಕ್ಕ ಚಪಾತಿಯನ್ನು ಬೆಲ್ಲ ಹಾಕಿ ಹೇಗೆ ಮಾದಲಿ ಮಾಡಬೇಕು, ಇಂಥವೇ. ಆದರೆ ನಾವು ಓದುತ್ತಿದ್ದುದು ಉಳಿತಾಯಕ್ಕಾಗಿ ಮಾತ್ರ ಅಲ್ಲ. ಆ ಬರಹದಲ್ಲಿ ಒಂದು ಮನೆ ಇತ್ತು. ಅರ್ಧ ಕಪ್ಪು ಚಹಾ ಸಾಕು ಎಂದು ಹೇಳಿ ಎರಡು ಸಲ ಕುಡಿಯುವ ‘ನಮ್ಮವರು’ ಇದ್ದರು. ಪ್ಯಾಂಟು ಗಿಡ್ಡವಾಯಿತೆಂದು ಸಿಟ್ಟು ಮಾಡುವ ‘ದೊಡ್ಡಾಂವ’ ಇದ್ದ. ಬದನೆಕಾಯಿ ಕಂಡರೆ ಮುಖ ತಿರುವುವ, ಮೂರನೇತ್ತೆ ಓದುವ ‘ಸಣ್ಣಾಕಿ’ ಇದ್ದಳು. ಸಣ್ಣಾಕಿಯ ಮಾತು ಓದಿ ನಗದವರು ಗುಂಪಿನಲ್ಲಿ ಯಾರೂ ಇರಲಿಲ್ಲ. ನನ್ನ ಯಜಮಾನರಿಗೆ ಊಟ ಮಾಡಿಸುವಾಗ ನಾನು ಅದನ್ನೇ ಓದಿ ಹೇಳುತ್ತಿದ್ದೆ. ಸೊಟ್ಟಗಾಗಿದ್ದ ಅವರ ಬಾಯಿ ನಗಲು ನೋಡುತ್ತಿತ್ತು.

ಅಕ್ಕನ ಒಂದು ಮಾತು ನಮ್ಮೆಲ್ಲರಿಗೂ ಬಾಯಿಪಾಠ ಆಗಿತ್ತು. “ಉಳಸೂದು ಅಂದ್ರ ಇಲ್ಲ ಅನ್ನೂದಲ್ಲ, ಆಮ್ಯಾಲ ಅನ್ನೂದು.”

ಬೈಲಹೊಂಗಲದ ಒಬ್ಬ ಹೆಂಗಸು ಒಮ್ಮೆ ಅಕ್ಕನ ಹಳೆಯ ಬರಹಗಳನ್ನೆಲ್ಲ ಮೊದಲಿನಿಂದ ಓದಿದಳು. ಓದಿ, ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದಳು. ಸಣ್ಣಾಕಿ ಈಗ ಮೂರನೇತ್ತೆ, ಮೂರು ವರ್ಷದ ಹಿಂದೆಯೂ ಮೂರನೇತ್ತೆ, ಇದು ಹೇಗೆ? ಅಕ್ಕ ಉತ್ತರ ಕೊಡಲಿಲ್ಲ. ಅಲ್ಲಿಂದ ಗುಸುಗುಸು ಶುರುವಾಯಿತು. ಈ ಅಕ್ಕ ಎಂಬವಳು ಇಲ್ಲವೇ ಇಲ್ಲ, ಯಾರೋ ಗಂಡಸು ಕುಳಿತು ಕಥೆ ಕಟ್ಟುತ್ತಿದ್ದಾನೆ ಎಂದರು. ನಾಳೆ ದುಡ್ಡು ಕೇಳುತ್ತಾನೆ ನೋಡಿ ಎಂದರು. ಅಕ್ಕ ಯಾರಿಗೂ ಏನನ್ನೂ ಕೇಳಿದವಳಲ್ಲ, ಆದರೂ ಅಂದರು. ಗುಂಪು ನಡೆಸುತ್ತಿದ್ದವರು ಧಾರವಾಡದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ನಾವೆಲ್ಲ ‘ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸು. ಅವರು ನನಗೆ ಫೋನು ಮಾಡಿ, ಘಟಪ್ರಭಾದ ಕಡೆ ನನಗೆ ಗುರುತಿರುವವಳು ನೀನೊಬ್ಬಳೇ, ಒಮ್ಮೆ ಹೋಗಿ ಕಣ್ಣಾರೆ ನೋಡಿ ಬಾ ಎಂದರು.

ನಾನು ಅಕ್ಕನಿಗೆ ಸಂದೇಶ ಕಳಿಸಿದೆ. ಬರುತ್ತೇನೆ ಎಂದಷ್ಟೇ ಬರೆದೆ, ಯಾಕೆ ಎಂದು ಬರೆಯಲಿಲ್ಲ. ಮರುದಿನ ಉತ್ತರ ಬಂತು. “ಬರ್ರಿ. ಊಟಕ್ಕ ಬರ್ರಿ.” ಕೆಳಗೆ ಧುಪದಾಳದ ಮನೆಯ ಗುರುತು ಇತ್ತು.

ರವಿವಾರ ಯಜಮಾನರನ್ನು ಬಾಜೂ ಮನೆಯವರಿಗೆ ಒಪ್ಪಿಸಿ, ಬಸ್ಸು ಹಿಡಿದು ಘಟಪ್ರಭಾಕ್ಕೆ ಬಂದು, ಅಲ್ಲಿಂದ ಟೆಂಪೋದಲ್ಲಿ ಧುಪದಾಳ ಮುಟ್ಟಿದೆ. ಗಿರಣಿ ಎಂದು ಕೇಳಿದರೆ ಸಣ್ಣ ಮಕ್ಕಳೂ ತೋರಿಸಿದರು. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದೆ ಎರಡು ಕೋಣೆಯ ಮನೆ. ಬಾಗಿಲಲ್ಲಿ ನಿಂತವಳ ಹುಬ್ಬು, ರೆಪ್ಪೆ ಎಲ್ಲ ಹಿಟ್ಟು ಮುಸುಕಿ ಬೆಳ್ಳಗಾಗಿದ್ದವು. ಬಾಗಿಲು ಹಿಡಿದ ಕೈಯ ಹೆಬ್ಬೆರಳು ನೋಡಿ, ಈಕೆಯೇ ಎಂದು ಗೊತ್ತಾಯಿತು. ಗಂಡಸು ಬರೆಯುತ್ತಾನೆ ಎಂಬ ಮಾತು ಅಲ್ಲಿಗೇ ಮುಗಿಯಿತು. ಆದರೆ ಒಳಗೆ ಕಾಲಿಟ್ಟಾಗ ಹೊಸ್ತಿಲ ಬಳಿ ಇದ್ದುದು ಒಂದೇ ಜೊತೆ ಚಪ್ಪಲಿ. ಗೂಟಕ್ಕೆ ಪಾಟಿಚೀಲ ಇರಲಿಲ್ಲ. ರವಿವಾರದ ಮಧ್ಯಾಹ್ನ, ಮನೆಯಲ್ಲಿ ಒಂದು ಮಗುವಿನ ಸದ್ದೂ ಇಲ್ಲ.

ಮಕ್ಕಳು ಎಲ್ಲಿ ಎಂದು ನಾನು ಕೇಳಿದೆ. ಅಕ್ಕ ತಾಟು ಇಟ್ಟು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು.

“ಮೊದಲ ಉಣ್ರಿ. ನಾ ಹೇಳಿದ ಮ್ಯಾಲ ನಿಮಗ ಉಣ್ಣಾಕ ಆಗೂದಿಲ್ಲ.”

ನಾನು ಉಂಡೆ. ಏನು ಉಂಡೆನೋ ನೆನಪಿಲ್ಲ. ಕೈ ತೊಳೆದ ಮೇಲೆ ಆಕೆ ಎದುರಿಗೆ ಕುಳಿತು ಹೇಳಿದಳು. ಹಬ್ಬದ ಮುಂಚಿನ ದಿನ ಅದು. ಗಂಡ, ಎರಡೂ ಮಕ್ಕಳನ್ನು ಮೋಟರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹುಕ್ಕೇರಿ ಕಡೆಯ ನಾದಿನಿಯ ಮನೆಗೆ ಹೊರಟಿದ್ದ. ಅಕ್ಕನೂ ಹೋಗುವವಳಿದ್ದಳು. ಗಿರಣಿಗೆ ಹಬ್ಬದ ಗಿರಾಕಿ ಬಂದಿತ್ತು, ಅದಕ್ಕೆ ಉಳಿದಳು. ಸಂಜೆಯ ಮಬ್ಬಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೇಲರು ರಸ್ತೆಯ ಮೇಲೆ ನಿಂತಿತ್ತು. ಹಿಂದೆ ದೀಪ ಇರಲಿಲ್ಲ.

“ಮೂರೂ ಮಂದಿ ಒಮ್ಮೆಲೇ ಹೋದರು. ಯಾರ ಹೆಸರ ಹಿಡದು ಮೊದಲ ಅಳಬೇಕು, ಅದ ತಿಳಿಲಿಲ್ರಿ.”

ಗುಂಪಿಗೆ ಆಕೆ ಸೇರಿದ್ದು ಅದಕ್ಕೂ ಮೊದಲು, ಮಕ್ಕಳ ಶಾಲೆಗೆ ನಾಲ್ಕು ದುಡ್ಡು ಕೂಡಿಸುವ ಹಂಬಲದಿಂದ. ಐದಾರು ಬರಹ ಬರೆದಿದ್ದಳು. ಆಮೇಲೆ ತಿಂಗಳುಗಟ್ಟಲೆ ಫೋನು ಮುಟ್ಟಲಿಲ್ಲ. ಒಂದು ದಿನ ತೆರೆದು ನೋಡಿದರೆ ಯಾರೋ ಕೇಳಿದ್ದರು, ಅಕ್ಕಾ ಎಲ್ಲಿ ಹೋದಿರಿ, ಸಣ್ಣಾಕಿಗೆ ಇವತ್ತು ಡಬ್ಬಿಗೆ ಏನು ಕಟ್ಟಿದಿರಿ ಎಂದು. ಊರವರೆಲ್ಲ ಸಣ್ಣಾಕಿ ಎಂಬ ಮಾತು ಆಡುವುದನ್ನೇ ಬಿಟ್ಟಿದ್ದರು. ಅಕ್ಕನ ಮುಂದೆ ಆ ಹೆಸರು ಬಂದರೆ ಬೇರೆ ಮಾತು ತೆಗೆಯುತ್ತಿದ್ದರು. ಎಲ್ಲಿಯವಳೋ ಒಬ್ಬ ಹೆಂಗಸು ಮಾತ್ರ ಸಣ್ಣಾಕಿ ಇದ್ದಾಳೆಂದೇ ತಿಳಿದು ಕೇಳಿದ್ದಳು. ಅಕ್ಕ ಉತ್ತರ ಬರೆದಳು: ಚಪಾತಿ, ಬೆಲ್ಲ, ಸೇಂಗಾ ಚಟ್ನಿ.

“ಬರಿಯಾಕ ಕುಂತಾಗ ಅಷ್ಟ ನಾ ನಾಕ ಮಂದಿಗೆ ಅಡಿಗಿ ಮಾಡ್ತೇನ್ರಿ,” ಎಂದಳು. “ಸುಳ್ಳ ಅನ್ರಿ ಬೇಕಾರ. ಆದರ ಆಗಲಾರದ್ದು ಒಂದೂ ಬರದಿಲ್ಲ. ಅವರು ಇದ್ದಾಗ ಆದದ್ದನ್ನ ಬರದೇನಿ.”

ಮೂರನೇತ್ತೆಯ ಮಾತು ನಾನೇ ತೆಗೆಯಬೇಕಾಯಿತು. ವರ್ಷಕ್ಕೊಂದು ತರಗತಿ ಮುಂದೆ ಹಾಕಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲವಲ್ಲ ಎಂದೆ. ಅಕ್ಕ ನನ್ನನ್ನು ನೋಡಿದ ನೋಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟಲ್ಲ, ಇಷ್ಟೂ ತಿಳಿಯಲಿಲ್ಲವೇ ಎಂಬಂತೆ.

“ನಾಕನೇತ್ತೆದಾಗ ಆಕಿ ಹೆಂಗ ಇರ್ತಿದ್ಲು ಅಂತ ನನಗೇನ ಗೊತ್ತು? ಗೊತ್ತಿಲ್ಲದ್ದು ಹೆಂಗ ಬರೀಲಿ?”

ನಾನು ಹೊರಡುವಾಗ, ಎಲ್ಲ ಸರಿ ಇದೆ ಎಂದು ಧಾರವಾಡಕ್ಕೆ ಹೇಳಿಬಿಡುತ್ತೇನೆ ಎಂದೆ. ಅಕ್ಕ ಬೇಡ ಎಂದಳು. ತನ್ನ ಸಲುವಾಗಿ ನಾನು ಸುಳ್ಳು ಹೇಳುವುದು ಬೇಡ, ತಾನೇ ಬರೆಯುತ್ತೇನೆ ಎಂದಳು. ಟೆಂಪೋ ನಿಲ್ಲುವ ತನಕ ಜೊತೆಗೆ ನಡೆದು ಬಂದಳು. ದಾರಿಯಲ್ಲಿ, ಕೇಳದೆಯೇ ಒಂದು ಮಾತು ಹೇಳಿದಳು. ಸಣ್ಣಾಕಿ ಗೋಕಾಕ ಫಾಲ್ಸು ನೋಡಬೇಕು ಎಂದು ಗಂಟುಬಿದ್ದಿದ್ದಳಂತೆ. ಎಷ್ಟು ದೂರ, ಇಲ್ಲೇ ಇದೆ. ಬಸ್ಸಿನ ಖರ್ಚು ಯಾಕೆ, ಇಲ್ಲಿಯ ಒಡ್ಡಿನ ಮೇಲಿಂದ ನೀರು ಬೀಳುವುದೂ ಅದೇ ಹೊಳೆಯ ನೀರಲ್ಲವೇ ಎಂದು ಅಕ್ಕ ಹೇಳಿದ್ದಳು. ಆಮ್ಯಾಲ ಹೋಗೂಣು ಎಂದಿದ್ದಳು.

ಅಕ್ಕ ಆ ವಾರವೇ ಬರೆದಳು. ಏಳೆಂಟು ಸಾಲು, ಫೋಟೋ ಇಲ್ಲ. ಇಂಥ ಹಬ್ಬದ ಮುಂಚಿನ ದಿನ ನಮ್ಮವರು, ದೊಡ್ಡಾಂವ, ಸಣ್ಣಾಕಿ ತೀರಿಕೊಂಡರು, ನಾನು ಹೇಳಲಿಲ್ಲ, ಹೇಳಲು ಆಗಲಿಲ್ಲ ಎಂದು. ನಾನು ತಿಳಿದಿದ್ದೆ, ಎಲ್ಲರೂ ಅತ್ತು ಆಕೆಯನ್ನು ಅಪ್ಪಿಕೊಳ್ಳುತ್ತಾರೆ ಎಂದು. ಕೆಲವರು ಹಾಗೇ ಬರೆದರು. ಹೆಚ್ಚಿನವರು ಸಿಟ್ಟಾದರು. ನಮ್ಮ ಕರುಳಿನ ಜೊತೆ ಆಟ ಆಡಿದೆ ಎಂದರು. ಸತ್ತ ಮಕ್ಕಳ ಡಬ್ಬಿ ನೋಡಿ ನಮ್ಮ ಮಕ್ಕಳಿಗೆ ಕಟ್ಟಿದೆವಲ್ಲ, ಇದು ಅಪಶಕುನ ಎಂದರು. ತಲೆ ಕೆಟ್ಟಿದೆ, ತೋರಿಸಿಕೋ ಎಂದು ಬರೆದವರೂ ಇದ್ದರು. ಧಾರವಾಡದ ಬಾಯಿ ಕೆಟ್ಟವರಲ್ಲ, ಆದರೆ ಗುಂಪು ಒಡೆಯುತ್ತದೆಂದು ಹೆದರಿದರು. ‘ಕೈಹಿಡಿತ’ವನ್ನು ಪಟ್ಟಿಯಿಂದ ತೆಗೆದು, ಅಕ್ಕನನ್ನು ಹೊರಗೆ ಹಾಕಿದರು. ಆಕೆ ಮತ್ತೆ ಬರೆಯಲಿಲ್ಲ.

ನಾನು ಹೋಗುವುದನ್ನು ಬಿಡಲಿಲ್ಲ. ಅಕ್ಕನೂ ಒಮ್ಮೆ ಮೂಡಲಗಿಗೆ ಬಂದಳು, ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು. ಯಜಮಾನರು ಆಗ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು, ಯಾರು ಬಂದರೂ ತಿರುಗುತ್ತಿರಲಿಲ್ಲ. ಅಕ್ಕ ಅವರನ್ನು ಎತ್ತಿ ಕೂರಿಸಿ, ಮೊರದಲ್ಲಿ ಜೋಳ ಹಾಕಿ ಮುಂದಿಟ್ಟು, ಎಡಗೈಯಿಂದ ಹರಳು ಆರಿಸಲು ಹೇಳಿದಳು. ಅವರು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದರು.

“ಆಗಲಿಲ್ಲ ಅಂದ್ರ ಹರಳಿನ ರೊಟ್ಟಿ ಉಣ್ಣೂಣು ಬರ್ರಿ ಅಣ್ಣಾರ, ನನಗೇನೂ ಗಡಿಬಿಡಿ ಇಲ್ಲ,” ಎಂದು ಎದುರಿಗೆ ಕುಳಿತಳು. ಹೊತ್ತು ಇಳಿಯುವ ತನಕ ಕುಳಿತಿದ್ದಳು. ಒಂದು ಹರಳು ಅವರ ಬೆರಳಿಗೆ ಸಿಕ್ಕಿತು. ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮ ಮಾಡದವರು ಅಂದಿನಿಂದ ದಿನಾಲು ಮೊರ ಕೇಳತೊಡಗಿದರು. ಕೊನೆಕೊನೆಗೆ ಎಡಗೈಯಲ್ಲಿ ಲೋಟ ಹಿಡಿಯುವಷ್ಟಾದರು.

ತನ್ನ ಮನೆಯ ವಿಷಯದಲ್ಲಿ ಅಕ್ಕ ಬೇರೆಯೇ ಆಗಿದ್ದಳು. ಬರೆಯುವುದು ನಿಂತ ಮೇಲೆ ಅಡುಗೆಯೂ ನಿಂತಿತು. ಗಿರಣಿ ವಾರದಲ್ಲಿ ಎರಡು ದಿನ ತೆಗೆದರೆ ಹೆಚ್ಚು. ಚಹಾ, ಬ್ರೆಡ್ಡು, ಅಷ್ಟೇ ಊಟ. ಒಬ್ಬಳ ಸಂಸಾರದ ಬಗ್ಗೆಯಾದರೂ ಬರೆ, ನನ್ನಂಥವರು ಓದುತ್ತೇವೆ ಎಂದು ನಾನು ಬಹಳ ಹೇಳಿದೆ. “ಒಬ್ಬಾಕಿಗೆ ಏನ ಉಳಸೂದೈತಿ?” ಎಂದಳು. ಮನೆಯಲ್ಲಿ ಮೂವರು ಸತ್ತಾಗಲೂ ಆಕೆ ಹೇಗೋ ಎದ್ದು ನಿಂತಿದ್ದಳು. ಆ ಬ್ಲಾಗು ಮುಚ್ಚಿದಾಗ ಅವರು ಎರಡನೆಯ ಸಲ ಹೋದರು. ಆ ಸಲ ಆಕೆ ಏಳಲಿಲ್ಲ.

ಮರುವರ್ಷ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ನನಗೆ ತಿಳಿದದ್ದು ಬಹಳ ತಡವಾಗಿ, ಆಕೆ ಹಾಸಿಗೆ ಹಿಡಿದ ಮೇಲೆ. ದುಡ್ಡಿನ ಸಲುವಾಗಿ ತೋರಿಸಿಕೊಳ್ಳಲಿಲ್ಲವೇ ಎಂದು ನಾನು ಸಿಟ್ಟಿನಿಂದ ಕೇಳಿದೆ. ಇಲ್ಲ ಎಂದಳು. ಅಪಘಾತದ ಪರಿಹಾರ ಬಂದದ್ದು ಮುಟ್ಟದೆ ಹಾಗೇ ಇತ್ತು. “ದುಡ್ಡ ಐತಿ. ಮನಸ್ಸ ಇಲ್ಲ ತಂಗೀ.” ಅಷ್ಟು ದಿನ ನನಗೆ ‘ರಿ’ ಹಚ್ಚಿ ಮಾತಾಡುತ್ತಿದ್ದವಳು ಅಂದು ಮೊದಲ ಸಲ ಏಕವಚನದಲ್ಲಿ ಕರೆದಳು.

ಅಂದೇ ಆಕೆ ಮೂವರ ಹೆಸರನ್ನೂ ಹೇಳಿದಳು. ಗಂಡನ ಹೆಸರು, ಮಗನ ಹೆಸರು, ಮಗಳ ಹೆಸರು. ಒಂದೊಂದಾಗಿ ಹೇಳಿದಳು. ಬಳಿಕ ನನ್ನ ಕೈ ಹಿಡಿದಳು.

“ನಿನ್ನ ಮನ್ಯಾಗ ಏನರ ಆದ್ರ ಅವತ್ತ ಹೇಳಿಬಿಡು. ನಾಳೆ ಹೇಳ್ತೇನಿ ಅಂದಿ ಅಂದ್ರ ಮುಂದ ಬಾಯಿ ಬರೂದಿಲ್ಲ. ನನಗ ಬರಲಿಲ್ಲ.”

ಅಕ್ಕ ತೀರಿದ ಸುದ್ದಿಯನ್ನು ಆಕೆಯ ಮೈದುನ ಫೋನು ಮಾಡಿ ತಿಳಿಸಿದ. ನಾನು ಹೋಗುವ ಹೊತ್ತಿಗೆ ಮಣ್ಣಿಗೆ ಒಯ್ಯಲು ಸಿದ್ಧ ಮಾಡಿದ್ದರು. ಮೈದುನನ ಮನೆಯವರು, ಓಣಿಯ ಕೆಲವರು, ನಾನು. ಅತ್ತವರು ಯಾರೂ ಇರಲಿಲ್ಲ. ಆಕೆಯ ಪಾಲಿನ ಅಳು ಎಂದೋ ಮುಗಿದಿತ್ತು ಎಂಬಂತೆ ಎಲ್ಲರೂ ಬೇಗ ಬೇಗ ಕೆಲಸ ಮುಗಿಸಿದರು. ಗಿರಣಿಯನ್ನು ಮೈದುನ ತಿಂಗಳೊಳಗೆ ಮಾರಿದ.

ಹೋದ ಕಾರ್ತಿಕದಲ್ಲಿ ನನ್ನ ಯಜಮಾನರು ಮುಂಜಾನೆ ಎದ್ದು ಚಹಾ ಕುಡಿದು, ಗೋಡೆಗೆ ಆತು ಕುಳಿತಲ್ಲೇ ಹೋದರು. ನಾನು ಅವರನ್ನು ಮಲಗಿಸಿ, ಬಾಜೂ ಮನೆಯವರನ್ನು ಕರೆದೆ. ಫೋನು ಕೈಯಲ್ಲಿತ್ತು. ಬರೆಯಲು ಮನಸ್ಸಿರಲಿಲ್ಲ. ಅಕ್ಕ ಹೇಳಿದ್ದಳು ಎಂಬ ಒಂದೇ ಕಾರಣಕ್ಕೆ ಗುಂಪಿನಲ್ಲಿ ಒಂದು ಸಾಲು ಬರೆದೆ: ನಮ್ಮವರು ಈಗ ಹೋದರು.

ಮಧ್ಯಾಹ್ನದ ಹೊತ್ತಿಗೆ ಕೌಜಲಗಿಯಿಂದ, ಗೋಕಾಕದಿಂದ, ನಾನು ಮುಖವನ್ನೇ ನೋಡದ ಹೆಂಗಸರು ಬಸ್ಸು ಇಳಿದು ಬಂದರು. ಒಬ್ಬಳು ನನಗೆ ನೀರು ಕುಡಿಸಿದಳು, ಒಬ್ಬಳು ಅಂಗಳ ಬಳಿದಳು. ಕೂರಲು ಜಾಗ ಸಾಲದೆ ಕಟ್ಟೆಯ ಮೇಲೆ ಕುಳಿತರು. ಮೂರನೆಯ ದಿನ ಬೈಲಹೊಂಗಲದವಳೂ ಬಂದಳು. ನನ್ನಷ್ಟೇ ವಯಸ್ಸಿನವಳು. ಅಕ್ಕನ ವಿಷಯ ಕೇಳಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಧುಪದಾಳದಲ್ಲಿ ಮಣ್ಣಿಗೆ ಎಷ್ಟು ಮಂದಿ ಇದ್ದರು ಎಂಬುದನ್ನೂ ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಸಣ್ಣಾಕಿ ಹೆಸರೇನಿತ್ರಿ?” ಎಂದು ಕೇಳಿದಳು.

ಹೇಳಿದೆ. ಗುಂಪಿನಲ್ಲಿ ಆ ಹೆಸರನ್ನು ಬಲ್ಲವರು ನಾವಿಬ್ಬರಾದೆವು.