ಗುಡ್ಡ ಹತ್ತಿದ ಮಣ್ಣಿನ ಮಂದಿ

ಉಗಾರ ಬುದ್ರುಕದಲ್ಲಿ ತಾರಾಬಾಯಿಯ ಬಾಯಿಗೆ ಹೆದರದವರಿರಲಿಲ್ಲ. ಮಗನನ್ನು ಬೈಯುವಳು, ಸೊಸೆಯನ್ನು ಬೈಯುವಳು, ಜೈನ ಬಸ್ತಿಯಲ್ಲಿ ಪಕ್ಕ ಕೂತವರನ್ನೂ ಬಿಡುವವಳಲ್ಲ. ಆದರೆ ಇದೇ ಮುದುಕಿ ಬಟ್ಟೆಯಲ್ಲಿ ಸೋಸದ ನೀರು ಕುಡಿದವಳಲ್ಲ. ಅಂಗಳದಲ್ಲಿ ಇರುವೆ ಸಾಲು ಕಂಡರೆ ಅವು ದಾಟುವವರೆಗೂ ಕೊಡ ಹೊತ್ತು ನಿಲ್ಲುವಳು. ಇರುವೆಗಿದ್ದ ಭಾಗ್ಯ ಸೊಸೆಗಿರಲಿಲ್ಲ, ಅಷ್ಟೇ.

ತೊಂಬತ್ತೆಂಟರ ಮಳೆಗಾಲದಲ್ಲಿ ಏಳನೆಯ ಇಯತ್ತೆಯ ಮೊಮ್ಮಗಳು ರಾಜಮತಿ ವಿಜ್ಞಾನ ಪ್ರದರ್ಶನಕ್ಕೆ ಸುನಾಮಿ ಮಾಡುತ್ತೇನೆಂದಳು. ಆ ಹೆಸರನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳ ಅಪ್ಪ ಭೀಮಗೊಂಡ ಹಳೆಯ ತಗಡು ಬಗ್ಗಿಸಿ ಮಾರುದ್ದದ ತೊಟ್ಟಿ ಮಾಡಿಕೊಟ್ಟ. ಒಂದು ತುದಿಗೆ ಮಣ್ಣಿನ ದಂಡೆ, ದಂಡೆಯ ಮೇಲೆ ರಟ್ಟಿನ ಮನೆಗಳ ಊರು, ಊರ ಹಿಂದೆ ಗುಡ್ಡ. ಇನ್ನೊಂದು ತುದಿಯಲ್ಲಿ ನೀರಿಗೆ ಅಡ್ಡಲಾಗಿ ಹಲಗೆ. ಹಲಗೆ ಎಳೆದರೆ ದಂಡೆಯ ನೀರು ಹಿಂದೆ ಸರಿಯುವುದು, ರಭಸದಿಂದ ನೂಕಿದರೆ ಅಲೆಯೆದ್ದು ಊರ ಮೇಲೆ ಬೀಳುವುದು.

ಊರಿನ ಮಂದಿಯನ್ನು ಮಾಡುವ ಕೆಲಸ ಅಜ್ಜಿಯ ಪಾಲಿಗೆ ಬಂತು. ತಾರಾಬಾಯಿ ಎರೆಮಣ್ಣು ನಾದಿ ಹನ್ನೆರಡು ಜನರನ್ನು ಮಾಡಿದಳು. ಒಬ್ಬಾಕೆಯ ಬಗಲಿಗೆ ಕೂಸನ್ನೂ ಕೂಡಿಸಿದಳು. ರಾಜಮತಿ ಅವರನ್ನು ದಂಡೆಯ ಮೇಲೆ ನಿಲ್ಲಿಸಿದ್ದೇ ತಡ, ಮುದುಕಿ ಅವಳ ಕೈ ಹಿಡಿದಳು.

“ಇವ್ರನ್ನ ಮುಳಗಸ್ತಿ ಏನ ಬೇ?”

“ಮತ್ತೇನ ಮಾಡ್ಲಿ ಆಯಿ? ಹಾನಿ ತೋರಸ್ಬೇಕಂತ ಸರ್ ಹೇಳ್ಯಾರ.”

“ಮಣ್ಣಿನವಾದ್ರೇನ, ಮನಶ್ಯಾರಂತ ಮಾಡೇನಿ. ಸಾಯ್ಲಿ ಅಂತ ನೂಕಿದ್ರ ಕೊಂದಂಗ. ನಾ ಒಲ್ಲೆ!” ಎಂದವಳು ಹಲಗೆಯ ಕಡೆ ನೋಡಿದಳು. “ಅಲ್ಲಾ, ನೀರು ಮದಲ ಹಿಂದ್ಯಾಕ ಹೋಗತೈತಿ?”

“ಒಮ್ಮೊಮ್ಮೆ ಹಂಗ ಆಗತೈತಂತ. ಪುಸ್ತಕದಾಗ ಐತಿ.”

“ಹಂಗಾರ ಮಂದೀಗಿ ಕಣ್ಣಿಲ್ಲೇನ? ನೋಡಿ ಓಡ್ಲಿ!”

ಹನ್ನೆರಡೂ ಜನರನ್ನು ಎತ್ತಿ ಗುಡ್ಡದ ನೆತ್ತಿಯಲ್ಲಿ ಕೂಡಿಸಿಯೇಬಿಟ್ಟಳು. ರಾಜಮತಿ ಅತ್ತು ಕರೆದಳು. ಎರಡು ದಿನ ಆಯಿಯ ಜೊತೆ ಮಾತಿಲ್ಲ.

ಅಥಣಿಯ ಪ್ರದರ್ಶನಕ್ಕೆ ತಾರಾಬಾಯಿಯೂ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ: ಹುಡುಗಿಯ ಹದಿನೈದು ದಿನದ ದುಡಿಮೆ ತನ್ನ ಹಟದಿಂದ ಹಾಳಾದೀತೆಂಬುದು. ಆದರೂ ಆ ಮಂದಿಯನ್ನು ಕೆಳಗಿಳಿಸಲು ಮನಸ್ಸೊಪ್ಪಲಿಲ್ಲ.

ಪರೀಕ್ಷಕರು ಬಂದರು. ರಾಜಮತಿ ಹಲಗೆ ಎಳೆದಳು, ನೂಕಿದಳು. ರಟ್ಟಿನ ಮನೆಗಳು ತೇಲಿಹೋದವು.

“ಊರಾಗ ಜನಾನ ಇಲ್ಲಲ್ಲ? ಎಷ್ಟ ಮಂದಿ ಸತ್ರು?” ಎಂದರು ಪರೀಕ್ಷಕರು.

ತಾರಾಬಾಯಿ ತಪ್ಪು ನಂದರಿ ಎನ್ನಲು ಮುಂದೆ ಬಂದಳು. ಅಷ್ಟರಲ್ಲಿ ರಾಜಮತಿಯೇ ಹೇಳಿದಳು:

“ಯಾರೂ ಸತ್ತಿಲ್ರಿ ಸರ್. ನೀರು ಹಿಂದ ಸರದದ್ದ ನೋಡಿ ಎಲ್ಲಾರೂ ಗುಡ್ಡ ಹತ್ಯಾರ್ರಿ. ಅಲ್ನೋಡ್ರಿ.”

ಪರೀಕ್ಷಕರು ಬಗ್ಗಿ ನೋಡಿದರು. ಗುಡ್ಡದ ಮೇಲಿನ ತಲೆಗಳನ್ನು ಬೆರಳಿಟ್ಟು ಎಣಿಸಿ, ಕೂಸೂ ಸೇರಿ ಹದಿಮೂರು ಎಂದರು. ಅಕ್ಕಪಕ್ಕದ ಶಾಲೆಗಳ ಮಕ್ಕಳನ್ನೆಲ್ಲ ಕೂಗಿ ಕರೆದು, “ಇನ್ನೊಮ್ಮೆ ಮಾಡವ್ವಾ, ಸಾವಕಾಶ” ಎಂದರು. ಮಧ್ಯಾಹ್ನ ಓದಿದ ಹೆಸರುಗಳಲ್ಲಿ ರಾಜಮತಿಯದೂ ಇತ್ತು. ಅವಳ ಸುನಾಮಿ ಬೆಳಗಾವಿಯ ಜಿಲ್ಲಾ ಪ್ರದರ್ಶನಕ್ಕೆ ಹೋಗುವುದೆಂದಾಯಿತು.

ತಾರಾಬಾಯಿ ಉಸ್ಸಪ್ಪಾ ಎಂದು ಶಾಲೆಯ ಕಟ್ಟೆಯ ಮೇಲೆ ಕುಸಿದಳು. ಸಮಾಧಾನಕ್ಕೆ ಕಣ್ಣು ತುಂಬಿ ಬಂದವು. ಯಾರನ್ನೂ ಬೈಯಬೇಕೆನಿಸಲಿಲ್ಲ.

ಬಸ್ಸಿನಲ್ಲಿ ರಾಜಮತಿ ತಾನಾಗಿಯೇ ಅವಳಿಗೆ ಒತ್ತಿ ಕೂತಳು. ಊರು ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಅವಳ ತೋಳು ಅಲುಗಿಸಿದಳು.

“ಆಯಿ, ದನಾ ಮರತೇವಿ ನೋಡು! ಬೆಳಗಾಂವಿಗಿ ಹೋಗೂದ್ರಾಗ ನಾಕ ಎಮ್ಮಿ ಮಾಡ್ಕೊಡು. ಅವನ್ನೂ ಗುಡ್ಡ ಹತ್ಸೂಣು.”