ನಾನು ಎಳೆದ ಹಸಿರು ಗೆರೆ

ರಮ್ಯಾ, ಅಜ್ಜಂಪುರಕ್ಕೂ ಕಡೂರಿಗೂ ನಡುವೆ ಆ ಗೆರೆ ಎಳೆದವನು ನಾನು. ನಿನ್ನ ಅಣ್ಣ. ಎಂಟು ವರ್ಷ ಮುಚ್ಚಿಟ್ಟೆ.

ನೀನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ. ಒಂದೇ ಲ್ಯಾಪ್‌ಟಾಪಿನೊಳಗೆ ಹತ್ತು ಕಂಪ್ಯೂಟರ್‌ಗಳಿವೆ ಎಂಬಂತೆ ನಟಿಸುವ ಜಾಲ ಕಟ್ಟಿ, ಒಂದೊಂದಕ್ಕೂ ನಮ್ಮ ಕಡೆಯ ಊರಿನ ಹೆಸರಿಟ್ಟಿದ್ದೆ. ಯಾವುದರಿಂದ ಯಾವುದಕ್ಕೆ ಸಂಪರ್ಕವಿದೆ ಎಂದು ತೋರಿಸುವ ಚಿತ್ರವೇ ನಿನ್ನ ಪ್ರಾಜೆಕ್ಟ್ — ಇದ್ದರೆ ಹಸಿರು, ಕಡಿದಿದ್ದರೆ ಕೆಂಪು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತೆಂಗಿನ ತೋಟಗಳಿಗೆ ಡ್ರಿಪ್ ಪೈಪ್ ಹಾಕುವ ನನಗೆ ನೀನು ಅದನ್ನು ಪೈಪಿನ ಮಾತಲ್ಲೇ ಬಿಡಿಸಿ ಹೇಳಿದೆ. ಅಷ್ಟು ಗೌರವದಿಂದ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ತರೀಕೆರೆಯಲ್ಲಿ ಪರೀಕ್ಷೆಯಿದ್ದ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ಪರದೆಯ ಮೇಲೆ ಅಜ್ಜಂಪುರ ಮಾತ್ರ ಕೆಂಪಗಿತ್ತು. ತೋಟದಲ್ಲಿ ಪೈಪಿನ ತುದಿ ಹಾಗೇ ಬಿಟ್ಟರೆ ಕೊನೆಯ ಮರಕ್ಕೆ ನೀರು ಸಾಲದು, ಆ ತುದಿಯನ್ನು ಪಕ್ಕದ ಪೈಪಿಗೆ ತಂದು ಜೋಡಿಸಿಬಿಡುತ್ತೇವೆ. ಅವಸರದಲ್ಲಿ ಮರೆತಿದ್ದಾಳೆ ಅಂದುಕೊಂಡೆ. ನೀನು ಮಾಡುತ್ತಿದ್ದಂತೆಯೇ ಮೌಸ್ ಹಿಡಿದು ಅಲ್ಲಿಂದ ಕಡೂರಿನವರೆಗೆ ಗೆರೆ ಎಳೆದೆ. ಎಲ್ಲ ಹಸಿರಾಯಿತು. ಪರದೆ ಏನೋ ಕೇಳಿತು, ಹೂಂ ಅಂತ ಒತ್ತಿದೆ. ನಿನಗೆ ಉಪಕಾರ ಮಾಡಿದೆ ಎಂದು —

ಅದನ್ನು ನೀನು ಬೇಕೆಂದೇ ಕಡಿದಿದ್ದೆ. ಕಡಿದ ಜಾಗವನ್ನು ಚಿತ್ರ ತಾನೇ ಹಿಡಿದುಕೊಡುವುದನ್ನು ಪರೀಕ್ಷಕರಿಗೆ ತೋರಿಸಬೇಕಿತ್ತು. ಅಜ್ಜಂಪುರ ಕಡಿದಿದೆ ಎಂದು ನೀನು ಹೇಳುವಾಗ ಅದು ಹಸಿರಾಗಿ ನಿಂತಿತ್ತು. ನಿನ್ನ ಚಿತ್ರವೇ ಸುಳ್ಳು ಎಂದು ಅವರು ಫೇಲ್ ಮಾಡಿದರು.

ಸಂಜೆ ಬಸ್ಸಿಳಿದು ಬಂದು, ಇದನ್ನೆಲ್ಲ ಹೇಳಿ ನೀನು ಕೇಳಿದೆ: “ಅಣ್ಣ, ಬೆಳಿಗ್ಗೆ ಇದನ್ನೇನಾದ್ರೂ ಮುಟ್ಟಿದ್ಯಾ?”

“ಅದ್ರಲ್ಲಿ ನಂಗೇನ್ ಗೊತ್ತಾಗುತ್ತೆ ಕಣೇ, ಏಳನೇ ಕ್ಲಾಸ್ನೋನಿಗೆ?” ಅಂದೆ.

ನೀನು ನಂಬಿದೆ. ಯಾವುದನ್ನು ನೀನು ಒಂದು ದಿನವೂ ಆಡಿಕೊಳ್ಳಲಿಲ್ಲವೋ, ಆ ನನ್ನ ಓದಿಲ್ಲದ ಸ್ಥಿತಿಯ ಹಿಂದೆಯೇ ನಾನು ಬಚ್ಚಿಟ್ಟುಕೊಂಡೆ. ಆರು ತಿಂಗಳು ನೀನು ನಿನ್ನ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪು ಹುಡುಕಿದೆ. ಕೊನೆಗೆ ಎಲ್ಲ ಅಳಿಸಿ, ಹೊಸದಾಗಿ ಬರೆದು ಪಾಸಾದೆ.

ಆಮೇಲೂ ಕೊಟ್ಟವಳು ನೀನೇ. ನಮ್ಮ ದೇವನೂರಿನ ಸುತ್ತ ನಾನು ಹಾಕಿದ ಪೈಪುಗಳಿಗೆಲ್ಲ ಅದೇ ಥರದ ಚಿತ್ರ ನನ್ನ ಮೊಬೈಲಿನಲ್ಲಿ ಮಾಡಿಕೊಟ್ಟೆ. ನೀರು ನಿಂತ ಕಡೆ ಕೆಂಪು ಗುರುತು ಹಾಕಿದರೆ, ಎಲ್ಲಿ ಅಗೆಯಬೇಕೆಂದು ಗೊತ್ತಾಗಿಬಿಡುತ್ತದೆ. ಇವತ್ತು ನಾಲ್ಕು ಜನ ನನ್ನನ್ನು ಕರೆಯುವುದೇ ಅದಕ್ಕೆ. ಪ್ರತಿ ಕೆಂಪು ಗುರುತಿಗೂ ನಿನ್ನನ್ನು ನೆನೆಯುತ್ತೇನೆ — ನೆನೆದ ಕೂಡಲೇ ತಲೆ ತಗ್ಗುತ್ತದೆ.

ಹೋದ ವಾರ ಊರಿಗೆ ಬಂದಾಗ ನೀನೇ ಹೇಳಿದೆ — ಈಗ ಕಡೂರಿನಲ್ಲಿ ನೀನು ಪಾಠ ಮಾಡುವ ಮಕ್ಕಳಿಗೆ ಆ ದಿನದ ಕತೆ ಹೇಳುತ್ತೀಯಂತೆ, ತಪ್ಪು ಎಲ್ಲಿತ್ತೆಂದು ಇನ್ನೂ ಹುಡುಕುತ್ತಿದ್ದೀಯಂತೆ. ಹುಡುಕಬೇಡ ತಂಗಿ. ಅದು ನಿನ್ನ ಎದುರೇ ಕೂತು ಕಾಫಿ ಕುಡಿಯುತ್ತಿತ್ತು.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ಭಾನುವಾರ ಕಡೂರಿಗೆ ಬಂದು ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ.