ಬಿಸಿಲಿಗೂ ಮೂಲೆಯಿರುವ ಕಣ

ಇಲ್ಲಿಗೆ ಬಂದ ಮೊದಲ ಬೆಳಿಗ್ಗೆ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕಣದಿಂದ ಒಂದು ಕಾಫಿ ಬೀಜ ಹೆಕ್ಕಿ ಬಾಯಿಗೆ ಹಾಕಿಕೊಂಡರು. ಒಮ್ಮೆ ಕಚ್ಚಿ, ಪಕ್ಕಕ್ಕೆ ಉಗಿದು, ಯಾರನ್ನೂ ನೋಡದೆ "ನಾಳಿದ್ದು" ಎಂದರು. ಅಷ್ಟಕ್ಕೇ ಕಣದಲ್ಲಿದ್ದವರೆಲ್ಲ ತಲೆಯಾಡಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅದೇ ಬೀಜದ ತೇವಾಂಶ ಅಳೆಯಲೆಂದು ಬಾದಾಮಿ ಸೀಮೆಯಿಂದ ಬಂದಿದ್ದ ನಾನು, ಕೈಯಲ್ಲಿ ಮೀಟರ್ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತಿದ್ದೆ.

ನಾನು ಓದುತ್ತಿದ್ದೇನೋ, ಕೆಲಸ ಮಾಡುತ್ತಿದ್ದೇನೋ ಎಂದು ಊರಲ್ಲಿ ನೀವೆಲ್ಲ ಅವ್ವನನ್ನು ಕೇಳುತ್ತೀರಂತೆ. ಎರಡನ್ನೂ ಮಾಡುತ್ತಿದ್ದೇನೆ. ಇದಕ್ಕೆ ಅಪ್ರೆಂಟಿಸ್ ಡಿಗ್ರಿ ಎನ್ನುತ್ತಾರೆ. ಶುಕ್ರವಾರ, ಶನಿವಾರ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ. ಉಳಿದ ದಿನ ಕಾಲೇಜಿನ ಜೊತೆ ಒಪ್ಪಂದವಿರುವ ಕಂಪನಿಯವರು ಹೇಳಿದ ಕಡೆ ಕೆಲಸ, ಆ ಕೆಲಸಕ್ಕೂ ಅಂಕ. ನನ್ನನ್ನು ಬಾಳೂರಿನ ಹತ್ತಿರದ ಒಂದು ಎಸ್ಟೇಟಿಗೆ ಹಾಕಿದರು. ಮೂಡಿಗೆರೆ ರಸ್ತೆಯ ತಿರುವುಗಳಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಅಸೈನ್‌ಮೆಂಟ್ ಬರೆಯಲು ಹೋಗಿ, ಎರಡು ಸಲ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಬೇಕಾಯಿತು. ಆಮೇಲೆ ಪಾಠವನ್ನು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವುದನ್ನು ಕಲಿತೆ.

ನಮ್ಮಲ್ಲಿ ಎದುರಿನ ಊರು ಕಾಣುತ್ತದೆ, ತಲುಪಲು ಹೊತ್ತು ಹಿಡಿಯುತ್ತದೆ. ಇಲ್ಲಿ ಪಕ್ಕದ ಮನೆಯೂ ಕಾಣುವುದಿಲ್ಲ, ಕೂಗಿದರೆ ಮಾತ್ರ ಓಗೊಡುತ್ತಾರೆ. ಇಲ್ಲಿನ ಅಕ್ಕಿ ರೊಟ್ಟಿ ರುಚಿಯೇ, ಆದರೆ ಅದನ್ನು ತಟ್ಟುವಾಗ ಸಪ್ಪಳವಾಗುವುದಿಲ್ಲ. ರೊಟ್ಟಿ ಬಡಿಯುವ ಸಪ್ಪಳವಿಲ್ಲದೆ ಬೆಳಗಾಗುವುದಕ್ಕೆ ಒಗ್ಗಿಕೊಳ್ಳಲು ತಿಂಗಳು ಬೇಕಾಯಿತು. ಇನ್ನು ನನ್ನ ಮಾತು. ನಾನು ನೀರು ಕೇಳಿದರೆ ಜಗಳಕ್ಕೆ ಬಂದಳೆಂದು ಇವರು ಹೆದರುತ್ತಿದ್ದರು. ಹಾಗಾಗಿ ಮೊದಮೊದಲು ಹೆಚ್ಚು ಮಾತೇ ಆಡುತ್ತಿರಲಿಲ್ಲ, ಸಂಜೆ ಅವ್ವನಿಗೆ ಫೋನ್ ಮಾಡಿ ಇಡೀ ದಿನದ್ದನ್ನು ಒಟ್ಟಿಗೆ ಆಡುತ್ತಿದ್ದೆ.

ಬೀಜ ಕಚ್ಚಿದವರು ಸುಶೀಲಕ್ಕ, ಕಣದ ಮೇಸ್ತ್ರಿ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿಗೆ ಇಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದು ವಾರಕ್ಕೂ ಹೆಚ್ಚು ದಿನ ಒಣಗಬೇಕು, ಹಸಿ ಉಳಿದರೆ ಮೂಟೆಯಲ್ಲೇ ಬೂಸ್ಟು ಹಿಡಿಯುತ್ತದೆ. ನನ್ನ ಪ್ರಾಜೆಕ್ಟ್ ಸರಳವಾಗಿತ್ತು. ಕಣದಲ್ಲಿ ತೇವ ಅಳೆಯುವ ಮೂರು ಸೆನ್ಸರ್ ಇಡುವುದು. ಕಾಫಿ ಒಣಗಿದಾಗ ಮೊಬೈಲಿನಲ್ಲಿ ಹಸಿರು ದೀಪ ಬರುವುದು. ಸೀಸನ್ ಮುಗಿದಾಗ ಎಸ್ಟೇಟಿನ ಗೌಡರು "ಇದು ಕೆಲಸ ಮಾಡಿತು" ಎಂದು ಕಾಗದ ಬರೆದುಕೊಡಬೇಕು. ಆ ಕಾಗದವಿಲ್ಲದೆ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ.

ಹಸಿರು ದೀಪ ಬಂದ ದಿನ ಕುಣಿಯುವುದೊಂದು ಬಾಕಿ. ಸುಶೀಲಕ್ಕ ಕಣದ ಆ ತುದಿಯಿಂದ ಒಂದು ಬೀಜ ಕಚ್ಚಿ ಬಂದರು.

"ಇನ್ನೂ ಆಗ್ಲಿಲ್ಲ ಮೇಡಂ. ಆ ಕಡೇದು ಹಲ್ಲಿಗೆ ಮೆತ್ತಗೆ ಸಿಗ್ತದೆ."

"ಮಷೀನ್ ಆಗೇತಿ ಅಂತೈತ್ರೀ ಅಕ್ಕಾ," ಎಂದೆ. "ಹಲ್ಲಿಂದು ಕಾಲೇಜಿನ್ಯಾಗ ನಡಿಯಂಗಿಲ್ರಿ."

"ಹಂಗಾದ್ರೆ ಸರಿ ಬಿಡಿ," ಎಂದು ಅವರು ಚೀಲ ತರಲು ಹೋದರು.

ಆ ಮೂಟೆಗಳು ಕಾಫಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಹೋದ ಜೀಪಿನಲ್ಲೇ ವಾಪಸ್ ಬಂದವು, ಅರ್ಧದಷ್ಟು ಹಸಿ ಎಂದು. ಗೌಡರು ನೇರ ಕಣಕ್ಕೆ ಬಂದರು.

"ಎಂಥದು ಸುಶೀಲಾ ಇದು? ಇಷ್ಟು ವರ್ಷ ಆದ್ಮೇಲೆ ಕಣ ನೋಡೋದು ನಿಂಗೆ ಹೇಳ್ಕೊಡ್ಬೇಕಾ? ನಾಳೆಯಿಂದ ಹಣ್ಣು ಕುಯ್ಯಕ್ಕೆ ಹೋಗು. ಕಣಕ್ಕೆ ಬೇರೆಯವ್ರನ್ನ ಹಾಕ್ತೀನಿ."

ಸುಶೀಲಕ್ಕ ನನ್ನ ಕಡೆ ಕೈ ತೋರಿಸಬಹುದಿತ್ತು. "ಆಯ್ತು ಗೌಡ್ರೆ" ಎಂದರು. ನಾನು ಮೊಬೈಲ್ ನೋಡುತ್ತಾ ನಿಂತಿದ್ದೆ. ಸೆನ್ಸರ್ ಸರಿಯಿದೆ, ಇವರೇ ಹರಡುವಾಗ ಏನೋ ತಪ್ಪಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಮಾಡಿದ್ದು.

ಸಮಾಧಾನ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ಕಣದ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಮಂಜು ಕರಗಿತು, ಮನೆಯ ಕಡೆಯ ಅರ್ಧಕ್ಕೆ ಬಿಸಿಲು ಬಂತು. ತೋಟದ ಕಡೆಯ ಅರ್ಧದಲ್ಲಿ ಎತ್ತರದ ಸಿಲ್ವರ್ ಓಕ್ ಮರಗಳ ನೆರಳು ಹನ್ನೊಂದಾದರೂ ಕದಲಲಿಲ್ಲ. ಮಧ್ಯಾಹ್ನ ಒಂದಷ್ಟು ಕಾದಿತು. ಮೂರೂವರೆಗೆ ಗುಡ್ಡದ ನೆರಳು ಬಂದು ಮತ್ತೆ ಅದೇ ಅರ್ಧದ ಮೇಲೆ ಕೂತಿತು. ನನ್ನ ಮೂರೂ ಸೆನ್ಸರ್ ಇದ್ದದ್ದು ಮನೆಯ ಕಡೆ. ನಮ್ಮೂರ ಕಣದಲ್ಲಿ ಒಂದು ಕಡೆ ಒಣಗಿದರೆ ಎಲ್ಲ ಕಡೆ ಒಣಗಿದ ಹಾಗೆ. ಬಿಸಿಲಿಗೂ ಮೂಲೆಗಳಿರುತ್ತವೆ ಎಂದು ಬಯಲಲ್ಲಿ ಬೆಳೆದ ನನಗೆ ಹೊಳೆಯಲೇ ಇಲ್ಲ.

ಸೋಮವಾರ ಕೆಲಸ ಹಂಚುವ ಹೊತ್ತಿಗೆ ಎಲ್ಲರೂ ಸೇರಿದ್ದರು. ನಾನು ಮುಂದೆ ಬಂದು ನಿಂತೆ.

"ಗೌಡ್ರೇ, ತಪ್ಪು ನಂದ್ರಿ. ಸುಶೀಲಕ್ಕ ಬ್ಯಾಡ ಅಂದಿದ್ರು. ನಾ ಕೇಳ್ಲಿಲ್ಲ."

ಗೌಡರು ಸುಶೀಲಕ್ಕನ ಕಡೆ ತಿರುಗಿದರು. "ಹೌದಾ? ನೀನ್ಯಾಕೆ ಬಾಯಿ ಬಿಡ್ಲಿಲ್ಲ ಮಾರಾಯ್ತಿ?"

"ಓದೋ ಹುಡುಗಿ ಗೌಡ್ರೆ. ನಂಗೆ ತೋಟ ಆದ್ರೂ ಆಗ್ತದೆ."

ಗೌಡರು ಸುಶೀಲಕ್ಕನಿಗೆ ಕಣಕ್ಕೇ ಹೋಗಲು ಹೇಳಿ, ನನಗೆ ಮೆತ್ತಗೆ, "ಈ ಸಲ ಕಾಗದ ಬರ್ಕೊಡಕ್ಕಾಗಲ್ಲಮ್ಮ. ಸುಳ್ಳು ಬರ್ದಂಗಾಗ್ತದೆ. ಮುಂದಿನ ಸೀಸನ್‌ಗೆ ಇನ್ನೊಂದ್ಸಲ ನೋಡಾಣ" ಎಂದರು. ನನ್ನ ಓದಿನ ಒಂದು ವರ್ಷ ಕೈಬಿಟ್ಟು ಹೋಯಿತು. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಶೆಡ್ಡಿನ ಹಿಂದೆ ಹೋಗಿ ಮನಸಾರೆ ಅತ್ತೆ.

ಸುಶೀಲಕ್ಕ ಹುಡುಕಿಕೊಂಡು ಬಂದರು. ಅಷ್ಟು ದಿನ ಮೇಡಂ, ನೀವು ಎನ್ನುತ್ತಿದ್ದವರು, "ಸಾಕು ಬಾ ಮಾರಾಯ್ತಿ, ಬಾಯಿ ತೆಗಿ" ಎಂದು ಒಂದು ಬೀಜ ಹಾಕಿದರು. "ಕಚ್ಚು. ಇದು ಹಸಿ. ಈಗ ಇದನ್ನ ಕಚ್ಚು." ಎರಡನೆಯದು ಹಲ್ಲಿನಡಿ ಕಟ್ಟೆಂದಿತು. ಮಧ್ಯಾಹ್ನ ಅವರು ಬೆರಳು ತೋರಿಸಿದ ಕಡೆಯೆಲ್ಲ ಸೆನ್ಸರ್ ಇಟ್ಟೆ.

ಸುಗ್ಗಿಗೆ ನಾಲ್ಕು ದಿನ ಊರಿಗೆ ಬಂದಿದ್ದೆನಲ್ಲ, ಆಗ ನಮ್ಮ ಕಣದಲ್ಲಿ ಅಪ್ಪ ಒಂದು ಜೋಳದ ಕಾಳು ಎತ್ತಿ ಬಾಯಿಗೆ ಹಾಕಿ ಕಚ್ಚಿದರು. ಹುಟ್ಟಿದಾಗಿನಿಂದ ನೋಡಿದ್ದು. ಅದನ್ನೊಂದು ವಿದ್ಯೆ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ; ಅಪ್ಪನ ಮುಖ ನೋಡಲು ಸಂಕೋಚವಾಯಿತು. ನಾನೂ ಒಂದು ಕಾಳು ಕಚ್ಚಿ, ಕಣದ ಸುತ್ತ ಒಂದು ಸುತ್ತು ಹಾಕಿದೆ.

"ಏನ್ ಹುಡುಕಾಕತ್ತಿ?" ಎಂದಳು ಅವ್ವ.

"ನೆಳ್ಳು ಎಲ್ಲಿ ಬೀಳತೈತಿ ನೋಡಾಕತ್ತೀನಿ."

ಅವ್ವ ಸುತ್ತಲ ಬಯಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಫೋನ್ ಬಂತು. ಸುಶೀಲಕ್ಕ. "ಎಂಥ ಮಾಡ್ತಿದೀಯ ಮಾರಾಯ್ತಿ? ರೋಬಸ್ಟಾ ಕಾಫಿ ಕಣಕ್ಕೆ ಬಂತು. ಬೇಗ ಬಾ, ನಂಗೊಬ್ಳಿಗೇ ಕಚ್ಚಿ ಕಚ್ಚಿ ಹಲ್ಲು ನೋಯ್ತದೆ."

ನಗುತ್ತಾ ಫೋನ್ ಇಟ್ಟೆ.

"ಯಾರದು?" ಎಂದಳು ಅವ್ವ.

"ಮನಿಯಿಂದ," ಎಂದೆ.

ಅವ್ವ ಮೊರ ಕೆಳಗಿಟ್ಟಳು. "ಹಂಗಾರ ಇದ್ಯಾರ ಮನಿ?"

ಬಾಯಲ್ಲಿ ಕಾಳು ಇನ್ನೂ ಇತ್ತು. ಅದನ್ನು ಅಗಿಯುತ್ತಾ, ಅವ್ವ ಕೆಳಗಿಟ್ಟ ಮೊರ ಎತ್ತಿಕೊಂಡು ಜೋಳ ಕೇರತೊಡಗಿದೆ.